ಬೈಂಡಿನೊಳಗೆ ಹೊಲಿದ ಕಾದಂಬರಿ

ಗಿರಿಜಮ್ಮ ಮೇಡಂ, ಆ ಕಾದಂಬರಿಯನ್ನು ನೀವು ಕಳೆಯಲಿಲ್ಲ. ಯಾವ ಓದುಗರೂ ಕದಿಯಲಿಲ್ಲ. ಅದನ್ನು ಕಾಣದಂತೆ ಮಾಡಿದವನು ನಾನು — ಗುಬ್ಬಿಯ ವಾಚನಾಲಯದಲ್ಲಿ ಒಂಬತ್ತು ವರ್ಷ ನಿಮಗೆ ಸಹಾಯಕನಾಗಿದ್ದ, ಪುಸ್ತಕಗಳಿಗೆ ಬೈಂಡು ಹಾಕುತ್ತಿದ್ದ ಶಿವಣ್ಣ. ಹದಿನೆಂಟು ವರ್ಷ ಈ ಮಾತನ್ನು ಯಾರಿಗೂ ಹೇಳದೆ ಇಟ್ಟುಕೊಂಡೆ. ಕಳೆದ ಭಾನುವಾರ ತುಮಕೂರಿನಲ್ಲಿ ನಿಮ್ಮ ಮಾತು ಕೇಳಿದ ಮೇಲೆ ಇನ್ನು ನುಂಗಿಕೊಳ್ಳಲು ಆಗುತ್ತಿಲ್ಲ.

ನಾನು ಅಲ್ಲಿದ್ದದ್ದು ನಿಮಗೆ ಗೊತ್ತಿಲ್ಲ. ಗ್ರಂಥಾಲಯದಲ್ಲಿ ಸಾಕ್ಷ್ಯಚಿತ್ರ ತೋರಿಸುತ್ತಾರೆ, ಆಮೇಲೆ ಮಾತುಕತೆ ಇದೆ ಎಂದು ವಾಟ್ಸಾಪಿನಲ್ಲಿ ಬಂದಿತ್ತು. ಸುಮ್ಮನೆ ಹೊತ್ತು ಕಳೆಯಲು ಹೋದೆ. ಯಾವ್ಯಾವುದೋ ಊರುಗಳಲ್ಲಿ ಪುಸ್ತಕಗಳನ್ನು ಓದುಗರ ಕೈಗೆ ಸಿಗದಂತೆ ಮಾಡಿದ ಕಥೆ — ಒಂದು ಕಡೆ ಪತ್ರ ಬರೆದು, ಇನ್ನೊಂದು ಕಡೆ ಬೆದರಿಸಿ. ನಾನು ಗೋಡೆ ಪಕ್ಕದ ಕುರ್ಚಿಯಲ್ಲಿ ಕುಳಿತು, ‘ಎಂಥಾ ಜನ ಇರ್ತಾರಪ್ಪಾ’ ಎಂದು ಪಕ್ಕದವರ ಜೊತೆ ತಲೆಯಾಡಿಸುತ್ತಿದ್ದೆ. ನನ್ನ ದಪ್ಪ ಚರ್ಮ ನೋಡಿ ಮೇಡಂ! ಆಗಲೂ ನನಗೇನೂ ಚುಚ್ಚಲಿಲ್ಲ.

ಚಿತ್ರ ಮುಗಿದು ಲೈಟು ಹಾಕಿದರು. ಹತ್ತಿರದ ಕೋರ ಗ್ರಾಮದಿಂದ ಬಂದಿದ್ದ ಕಾಲೇಜು ಹುಡುಗಿಯೊಬ್ಬಳು ಎದ್ದು, “ಬ್ಯಾನ್ ಆರ್ಡರ್ ಏನೂ ಬರ್ದೇನೇ ಒಂದು ಬುಕ್ಕು ಕಾಣೆ ಆಗ್ಬೋದಾ?” ಎಂದು ಕೇಳಿದಳು. ಆಗ ಮುಂದಿನ ಸಾಲಿನಲ್ಲಿ ನೀವು ಎದ್ದು ನಿಂತಿರಿ.

“ಆಗುತ್ತೆ ಕಣಮ್ಮಾ. ನಾನೇ ಮಾಡಿದೀನಿ. ಗುಬ್ಬೀಲಿ ನನ್ನ ಬೇಜವಾಬ್ದಾರಿಯಿಂದ ಒಂದ್ ಪುಸ್ತಕ ಹೋಯ್ತು. ಕುಣಿಗಲ್‌ಗೆ ಹೋದ್ಮೇಲೆ ಹೆದರ್ಕೊಂಡು ಬೀರುಗಳಿಗೆಲ್ಲಾ ಬೀಗ ಹಾಕಿಸ್ಬಿಟ್ಟೆ. ಕೇಳ್ದೋರಿಗೆ ಮಾತ್ರ ತೆಗ್ದು ಕೊಡ್ತಿದ್ದೆ. ಕೇಳೋಕೆ ನಾಚ್ಕೊಳ್ಳೋ ಮಕ್ಕಳು ಎಷ್ಟ್ ಜನ ಓದ್ದೇ ಹಂಗೇ ವಾಪಸ್ ಹೋದ್ರೋ... ಅದೂ ನಿರ್ಬಂಧಾನೇ. ತಪ್ಪು ನಂದೇ.”

ಅಷ್ಟು ಜನರ ಮುಂದೆ, ಯಾರೂ ಕೇಳದೆ, ನಿವೃತ್ತಿಯಾಗಿ ಎಷ್ಟೋ ವರ್ಷವಾದ ಮೇಲೆ — ನಿಮ್ಮ ಧ್ವನಿ ಒಂದಿಷ್ಟೂ ನಡುಗಲಿಲ್ಲ. ಅಂತರಸನಹಳ್ಳಿಯ ಫ್ಯಾಕ್ಟರಿಯಿಂದ ಶಿಫ್ಟು ಮುಗಿಸಿ ಬಂದಿದ್ದ ನನ್ನ ಪಕ್ಕದವರು ಚಪ್ಪಾಳೆ ತಟ್ಟಲು ಶುರು ಮಾಡಿದರು. ನನ್ನ ಕೈ ಮೇಲೇಳಲಿಲ್ಲ. ಮೈಕು ನಮ್ಮ ಸಾಲಿಗೂ ಬಂತು, ಮೇಡಂ. ನನ್ನ ಕೈಗೇ ಬಂತು. ನಾನು ಅದನ್ನು ಪಕ್ಕದವರಿಗೆ ದಾಟಿಸಿದೆ.

ನೀವು ಬೀಗ ಹಾಕಿಸಿದಿರಿ ಎಂಬುದು ನನಗೆ ಅವತ್ತೇ ಗೊತ್ತಾದದ್ದು. ಬೀಗವನ್ನು ಕಂಡರಾಗದ ನೀವು! ಗುಬ್ಬಿಗೆ ಬಂದ ಮೊದಲ ವಾರವೇ ಬೀರುಗಳ ಬಾಗಿಲು ಬಿಚ್ಚಿಸಿ ಹಿತ್ತಲಲ್ಲಿ ಇಡಿಸಿದ್ದಿರಿ. ವಾಚನಾಲಯ ನಡೆಸುತ್ತಿದ್ದ ಟ್ರಸ್ಟಿನವರು ಗೊಣಗಿದರೂ ಕೇಳಲಿಲ್ಲ. ಸಂತೆಗೆ ಬಂದ ಹೆಂಗಸರು ಕೈಚೀಲ ಕೆಳಗಿಟ್ಟು ನಿಂತಲ್ಲೇ ನಾಲ್ಕು ಪುಟ ಓದಿ ಹೋಗುತ್ತಿದ್ದರು. ಮುಂದಿನ ಸಂತೆಗೆ ಬಂದು ಐದನೆಯ ಪುಟ ಹುಡುಕುತ್ತಿದ್ದರು. ಅವರಿಗೆಂದು ನೀವು ಕಾಗದದ ಚೂರುಗಳನ್ನು ಕತ್ತರಿಸಿ ಇಡುತ್ತಿದ್ದಿರಿ, ಗುರುತಿಗೆ. ಅಂಥ ವಾಚನಾಲಯವನ್ನು ನಾನು ಇನ್ನೊಂದು ಕಡೆ ಕಂಡಿಲ್ಲ.

ಆ ಕಾದಂಬರಿ ಬಂದದ್ದು ಆಗಲೇ. ಗಂಡ ಸತ್ತ ಹೆಂಗಸೊಬ್ಬಳು ತೋಟ ಮಾಡಿಕೊಂಡು ತನ್ನಿಷ್ಟದಂತೆ ಬದುಕುವ ಕಥೆ. ಊರಿನ ನಾಲ್ಕು ಜನ ದೊಡ್ಡವರು ಬಂದರು — ಇದು ನಮ್ಮ ಮನೆತನವನ್ನೇ ನೋಡಿ ಬರೆದದ್ದು, ತೆಗೀರಿ ಎಂದರು. ನೀವು ಕಾಫಿ ತರಿಸಿ ಕೊಟ್ಟಿರಿ. “ಒಂದ್ಸಲ ಓದ್ಬಿಟ್ಟು ಬನ್ನಿ, ಆಮೇಲೆ ಮಾತಾಡೋಣ” ಎಂದಿರಿ. ಅವರು ಓದಲಿಲ್ಲ. ಮರುದಿನ ಹೋಟೆಲಿನಲ್ಲಿ ನನ್ನನ್ನು ಹಿಡಿದುಕೊಂಡರು. “ಏನ್ಲಾ ಶಿವಣ್ಣ, ಆಯಮ್ಮ ಇವತ್ತಿರ್ತಾರೆ, ನಾಳೆ ಹೋಗ್ತಾರೆ. ನೀನು ಈ ಊರೋನು ಕಣ್ಲಾ.” ಅಷ್ಟೇ. ಬೈಯಲಿಲ್ಲ, ಹೊಡೆಯಲಿಲ್ಲ. ಹೆಗಲ ಮೇಲೆ ಕೈ ಹಾಕಿದರು — ಅಂಥವರು ಕೈ ಹಾಕಿದರಲ್ಲಾ ಎಂದು ಒಳಗೊಳಗೇ ಹಿಗ್ಗಿದೆ.

ವರ್ಷದ ಕೊನೆಗೆ ಮಾಸಪತ್ರಿಕೆಗಳನ್ನೆಲ್ಲ ಸೇರಿಸಿ ಒಂದೊಂದು ಬೈಂಡು ಮಾಡುತ್ತಿದ್ದೆನಲ್ಲ. ಹನ್ನೆರಡು ತಿಂಗಳ ಕೃಷಿ ಪತ್ರಿಕೆ ಮೇಜಿನ ಮೇಲಿತ್ತು. ಅಳತೆಯೂ ಹೆಚ್ಚು ಕಡಿಮೆ ಕಾದಂಬರಿಯದ್ದೇ. ಕಾದಂಬರಿಯ ಹೊದಿಕೆ ಕಿತ್ತೆ. ಜೂನ್ ಸಂಚಿಕೆಗೂ ಜುಲೈ ಸಂಚಿಕೆಗೂ ನಡುವೆ ಇಟ್ಟು ದಬ್ಬಳದಲ್ಲಿ ಹೊಲಿದೆ. ಮೈದಾ ಅಂಟು ಬಳಿದು ರಟ್ಟು ಕೂರಿಸಿದೆ. ಸುಡಲಿಲ್ಲ, ಹರಿಯಲಿಲ್ಲ, ವಾಚನಾಲಯದಿಂದ ಹೊರಗೂ ಒಯ್ಯಲಿಲ್ಲ — ಎಷ್ಟು ಬುದ್ಧಿವಂತ ನಾನು ಎಂದುಕೊಂಡೆ. ಇಲ್ಲ, ಅದು ಬುದ್ಧಿವಂತಿಕೆಯಲ್ಲ. ಪುಸ್ತಕ ಉಳಿಸಲೆಂದು ಕಲಿತ ಕೈಕೆಲಸದಲ್ಲೇ ಪುಸ್ತಕವನ್ನು ಹೂತು ಹಾಕಿದೆ.

ಆಮೇಲಿನದು ಇನ್ನೂ ಹೊಲಸು. ಪುಸ್ತಕಗಳ ತಪಾಸಣೆಯ ದಿನ ಅದು ಲೆಕ್ಕಕ್ಕೆ ಸಿಗದಾಗ ನೀವು ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಂಡಿಯೂರಿ ಬೀರುಗಳ ಅಡಿಯಲ್ಲೆಲ್ಲ ಹುಡುಕಿದಿರಿ. ಟಾರ್ಚು ಹಿಡಿದವನು ನಾನೇ. “ಶಿವಣ್ಣ, ನೀವೇನಾದ್ರೂ ನೋಡಿದ್ರಾ?” ಎಂದು ಕೇಳಿದಿರಿ. “ಇಲ್ಲ ಮೇಡಂ” ಎಂದೆ. ಎರಡೇ ಶಬ್ದ. ನೀವು ನಂಬಿದಿರಿ. ಟ್ರಸ್ಟಿಗೆ ಕೊಟ್ಟ ಉತ್ತರದಲ್ಲಿ, ‘ಬಾಗಿಲು ಬಿಚ್ಚಿಸಿದ ನಿರ್ಧಾರ ನನ್ನದು, ಸಹಾಯಕರ ತಪ್ಪೇನೂ ಇಲ್ಲ’ ಎಂದು ಬರೆದಿರಿ. ಆ ಉತ್ತರದ ಪ್ರತಿಯನ್ನು ಫೈಲಿಗೆ ಹಾಕಿದವನೂ ನಾನೇ — ಓದಿಯೇ ಹಾಕಿದೆ. ಟ್ರಸ್ಟಿನವರು ನಿಮ್ಮನ್ನು ತಮ್ಮ ಕುಣಿಗಲ್ ಶಾಖೆಗೆ ಕಳಿಸಿದರು. ನಾನು ಹಾರ ತಂದು ಹಾಕಿದೆ!

ನೀವು ಊರು ಬಿಟ್ಟದ್ದಷ್ಟೇ ನನ್ನ ಪಾಪ ಎಂದುಕೊಂಡಿದ್ದೆ. ಅದಲ್ಲ. ಜನರನ್ನು ನಂಬುವ ನಿಮ್ಮ ಸ್ವಭಾವ ಇತ್ತಲ್ಲ — ಅದೇ ತಪ್ಪು ಎಂದು ನಿಮಗೇ ಅನ್ನಿಸುವ ಹಾಗೆ ಮಾಡಿದೆ. ಕುಣಿಗಲ್ಲಿನ ಆ ಬೀಗಗಳನ್ನು ಹಾಕಿದ್ದು ನಾನು, ಮೇಡಂ. ಅಲ್ಲಿ ಓದದೆ ವಾಪಸ್ಸು ಹೋದ ಮಕ್ಕಳ ಲೆಕ್ಕ ನನ್ನ ತಲೆಯ ಮೇಲಿರಬೇಕು, ನಿಮ್ಮ ಮೇಲಲ್ಲ.

ಸೋಮವಾರ ಗುಬ್ಬಿಗೆ ಹೋದೆ. ಆ ಬೈಂಡು ಅದೇ ಮೂಲೆಯಲ್ಲಿತ್ತು. ಅಲ್ಲೇ ಬೆಂಚಿನ ಮೇಲೆ ಕುಳಿತು ಕಾದಂಬರಿಯನ್ನು ಮೊದಲ ಸಲ ಓದಿದೆ. ಹೌದು, ಮೊದಲ ಸಲ. ಅದರಲ್ಲಿ ಯಾರ ಮನೆತನದ ಮಾತೂ ಇಲ್ಲ. ಒಳ್ಳೆಯ ಪುಸ್ತಕ. ಓದುತ್ತಾ ಎರಡು ಕಡೆ ಕಣ್ಣು ಒರೆಸಿಕೊಂಡೆ. ಅಲ್ಲಿ ಈಗಿರುವ ಗ್ರಂಥಪಾಲಕಿ ಮೇಡಂಗೆ ಎಲ್ಲವನ್ನೂ ಹೇಳಿ ಬೈಂಡನ್ನು ಒಪ್ಪಿಸಿದೆ. ಅವರು ನನ್ನನ್ನು ನೋಡಿದ ರೀತಿ... ಹಾಗೆ ನೋಡಬೇಕಾದದ್ದೇ.

ಮುಂದಿನ ತಿಂಗಳು ತುಮಕೂರಿನಲ್ಲಿ ಇನ್ನೊಂದು ಚಿತ್ರ ತೋರಿಸುತ್ತಾರಂತೆ. ಶುರುವಿನಲ್ಲೇ ಐದು ನಿಮಿಷ ಬೇಕು ಎಂದು ಕೇಳಿಕೊಂಡಿದ್ದೇನೆ. ನೀವು ಯಾರ ಎದುರಿಗೆ ‘ತಪ್ಪು ನಂದೇ’ ಎಂದಿರೋ ಅವರಿಗೆ ನಿಜ ತಿಳಿಯಬೇಕು. ಆದರೆ ಮೊದಲು ತಿಳಿಯಬೇಕಾದವರು ನೀವು. ಅದಕ್ಕೇ ಇದನ್ನು ಅಂಚೆಗೆ ಹಾಕುತ್ತಿಲ್ಲ. ಗುರುವಾರ ಕುಣಿಗಲ್ಲಿಗೆ ಬಂದು ನಿಮ್ಮ ಕೈಗೇ ಕೊಡುತ್ತೇನೆ. ನೀವು ಓದಿ ಮುಗಿಸುವವರೆಗೆ ಎದುರಿಗೇ ನಿಂತಿರುತ್ತೇನೆ. ಕ್ಷಮಿಸಿ ಎಂದು ಕೇಳಲು ಬರುತ್ತಿಲ್ಲ. ಒಂದೇ ಒಂದು ಬೇಡಿಕೆ — ಮನೆಗೆ ಬಂದವರನ್ನು ನಿಲ್ಲಿಸಿಯೇ ಮಾತಾಡಿಸಿ ಗೊತ್ತಿಲ್ಲದವರು ನೀವು. ದಯವಿಟ್ಟು ನನಗೆ ‘ಕೂತ್ಕೊಳ್ಳಿ’ ಎನ್ನಬೇಡಿ.