ಮಕ್ಕಳು ತಾವೇ ಕಂಡುಕೊಳ್ಳಬೇಕಾದ ಉತ್ತರ

ಊರಿನ ಶಿಕ್ಷಣ ಕಚೇರಿಯಿಂದ ಬಂದ ಸುತ್ತೋಲೆ ಓದಿ ಮುಗಿಸಿದ 'ಯಾಕೆ ಮಿಸ್ಸಿ'ಗೆ ಮೊದಲು ನಗು ಬಂತು, ಆಮೇಲೆ ಪಿತ್ತ ನೆತ್ತಿಗೇರಿತು. ಇನ್ನು ಮುಂದೆ ಎಲ್ಲ ಪಾಠವೂ ಮಗುವನ್ನೇ ಕೇಂದ್ರದಲ್ಲಿಟ್ಟುಕೊಂಡು ನಡೆಯಬೇಕು, ಮಗು ತಾನೇ ಹುಡುಕಿ ತಾನೇ ಕಲಿಯಬೇಕು ಎಂದು ಮೊದಲ ಪುಟದಲ್ಲಿತ್ತು. ಕೊನೆಯ ಪುಟದಲ್ಲಿ ಈ ಶಾಲೆಗೆಂದೇ ಮಾಡಿದ 'ಮಕ್ಕಳು ತಾವೇ ಕಂಡುಕೊಳ್ಳಬೇಕಾದ ಉತ್ತರಗಳು' ಎಂಬ ಪಟ್ಟಿ. ಒಂದರಿಂದ ನಲವತ್ತರವರೆಗೆ ನಂಬರು ಹಾಕಿ ಅಚ್ಚು ಮಾಡಿದ್ದರು.

"ಉತ್ತರ ಇವರೇ ಬರೆದಿಟ್ಟ ಮೇಲೆ ಮಕ್ಕಳು ಹುಡುಕೋದೇನು, ಇವರ ತಲೆನಾ?" ಎಂದು ಸ್ಟಾಫ್ ರೂಮಿನಲ್ಲಿ ಕೇಳಿಯೇಬಿಟ್ಟರು. ಡ್ರಿಲ್ ಮಾಸ್ಟರು ಕಿಟಕಿ ಕಡೆ ಮುಖ ತಿರುಗಿಸಿ ನಕ್ಕರು. ಎದುರಿಗೇ ನಗುವಷ್ಟು ಧೈರ್ಯ ಆ ಕೋಣೆಯಲ್ಲಿ ಯಾರಿಗೂ ಇರಲಿಲ್ಲ.

ಮಿಸ್ಸಿಗೆ ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಇಪ್ಪತ್ತೆಂಟು ವರ್ಷದಿಂದ ಏಳನೇ ಕ್ಲಾಸಿಗೆ ಇತಿಹಾಸ ಹೇಳುತ್ತಿದ್ದ ಅವರು ಮಕ್ಕಳ ಬಾಯಲ್ಲಿ ಯಾಕೆ ಮಿಸ್ಸು. ಮಗು ಏನು ಹೇಳಿದರೂ "ಯಾಕೆ?" ಅನ್ನುವುದು ಅವರ ಚಾಳಿ. ಮನೆಯಲ್ಲೂ ಅದೇ ಕಥೆ. ಪ್ರೆಸ್ಸಿನಲ್ಲಿ ಕೆಲಸ ಮಾಡುವ ಗಂಡ, "ಇವತ್ತು ತಡ ಆಗುತ್ತೆ ಅಂತ ಹೇಳೋಕೂ ಸಾಕ್ಷಿ ಕರ್ಕೊಂಡು ಬರ್ಬೇಕು ಮಾರಾಯ್ತಿ" ಎಂದು ರೇಗಿಸುತ್ತಿದ್ದರು.

ಈ ಚಾಳಿ ಅವರಿಗೆ ಸುಮ್ಮನೆ ಅಂಟಿಕೊಂಡದ್ದಲ್ಲ. ಅವರು ಕಲಿತ ಇತಿಹಾಸ ಶುದ್ಧ ಗಿಣಿಪಾಠ. ಯಾವ ರಾಜ ಯಾವ ವರ್ಷ ಸತ್ತ ಅಂತ ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದರು. ಆದರೆ ಮನೆಯಲ್ಲೇ ಇದ್ದ ಅಜ್ಜಿಯ ಎಡಗೈಯಲ್ಲಿ ಎರಡು ಬೆರಳಿರಲಿಲ್ಲ. ಅವು ಹೇಗೆ ಹೋದವು ಅಂತ ಕೇಳಬೇಕೆಂದು ಹೊಳೆಯುವ ಹೊತ್ತಿಗೆ ಅಜ್ಜಿಯೇ ಇರಲಿಲ್ಲ. ಕೇಳುವುದನ್ನು ಕಲಿಸದ ತಮ್ಮ ಇತಿಹಾಸದ ಮೇಷ್ಟರ ಮೇಲೆ ಅವರಿಗೆ ಇವತ್ತಿಗೂ ಸಿಟ್ಟು.

ಸುತ್ತೋಲೆ ಬರುವ ಮೊದಲು, ಆ ವರ್ಷದ ಪಾಠ ಶುರುವಾದದ್ದು ಶಾಲೆಯ ಹಿಂದಿನ ಗೋಡೆಯಿಂದ. ಗಾರೆ ಉದುರಿದ ಕಡೆ ಒಳಗಿನ ಇಟ್ಟಿಗೆಗಳು ಕಾಣುತ್ತಿದ್ದವು, ಒಂದೊಂದರ ಒಂದು ಮಗ್ಗುಲು ಮಸಿ ಹಿಡಿದಂತೆ ಕಪ್ಪಗಿತ್ತು. ಅದನ್ನು ಮೊದಲು ಕಂಡವಳು ಎರಡನೇ ಬೆಂಚಿನ ಹುಡುಗಿ. ಒಂದು ಗಳಿಗೆ ಬಾಯಿ ಮುಚ್ಚದ ಅವಳನ್ನು ಎಲ್ಲರೂ ಚಿನಕುರಳಿ ಅನ್ನುತ್ತಿದ್ದರು. "ಮಿಸ್, ಗೋಡೆ ಯಾಕೆ ಸುಟ್ಟಿದೆ?" ಎಂದು ಕೇಳಿದಳು. ಅದು ಮಿಸ್ಸಿಗೂ ಗೊತ್ತಿರಲಿಲ್ಲ. "ಈ ಬೀದಿಲಿ ಅರವತ್ತು ದಾಟಿದವರು ಎಷ್ಟು ಜನ ಇದ್ದಾರೆ? ಹೋಗಿ ಕೇಳಿ. ಒಬ್ಬರು ಹೇಳಿದ್ದು ಸಾಲದು, ಇನ್ನೊಬ್ಬರ ಹತ್ರನೂ ಕೇಳಿ," ಎಂದು ಕಳಿಸಿದರು.

ಮೂರು ವಾರ ಮಕ್ಕಳು ಮನೆಮನೆ ಅಲೆದರು. ಇಸ್ತ್ರಿ ಅಂಗಡಿಯ ಮುದುಕನನ್ನು ಕೇಳಿದರು, ನಿವೃತ್ತ ನರ್ಸನ್ನು ಕೇಳಿದರು. ಕೊನೆಗೆ ಉತ್ತರ ಸಿಕ್ಕಿದ್ದು ಚಿನಕುರಳಿಯ ಮನೆಯಲ್ಲೇ, ಅವಳ ಅಜ್ಜಿಯ ಬಾಯಲ್ಲಿ. ನೂಲಿನ ಗಿರಣಿಯ ಗೋದಾಮು ಒಮ್ಮೆ ಸುಟ್ಟುಬಿದ್ದಿತ್ತಂತೆ. ಅಜ್ಜಿಯೂ ಸೇರಿ ಗಿರಣಿಯ ಹೆಂಗಸರು ಪಾಳಿ ಮುಗಿಸಿ, ಬಿದ್ದ ಇಟ್ಟಿಗೆಗಳನ್ನು ತಲೆಯ ಮೇಲೆ ಹೊತ್ತು ತಂದು ಈ ಗೋಡೆ ಎಬ್ಬಿಸಿದರಂತೆ. ಶಾಲೆ ಆದರೆ ಮಕ್ಕಳು ಗಿರಣಿ ಕೆಲಸಕ್ಕೆ ಬರುವುದಿಲ್ಲವೆಂದು ಮಾಲೀಕ ಬೇಡವೇ ಬೇಡ ಅಂದಿದ್ದನಂತೆ. ಸೂರು ಕೂತ ಮೇಲೆ ಬಂದು, ತನ್ನ ಹೆಸರಿನ ಅಮೃತಶಿಲೆಯ ಫಲಕ ಹಾಕಿಸಿ, ಕೈ ಕಟ್ಟಿಕೊಂಡು ಫೋಟೋ ತೆಗೆಸಿಕೊಂಡನಂತೆ. ನರ್ಸಮ್ಮನೂ ಅದನ್ನೇ ಹೇಳಿದರು, ಅವರ ತಾಯಿಯೂ ಇಟ್ಟಿಗೆ ಹೊತ್ತವರೇ.

ಮಕ್ಕಳು ಅದನ್ನೆಲ್ಲ ಬರೆದರು. ಚಿನಕುರಳಿ ತರಗತಿಯ ಮುಂದೆ ನಿಂತು ಓದಿದಳು. ಅಂದು ಸಂಜೆ ಅವಳು ಗೋಡೆ ಸವರಿಕೊಂಡು ಮನೆಗೆ ಹೋದದ್ದನ್ನು ಮಿಸ್ಸು ನೋಡಿದರು. ಇಪ್ಪತ್ತೆಂಟು ವರ್ಷದಲ್ಲಿ ಇಷ್ಟು ಒಳ್ಳೆಯ ಪಾಠ ತಾನು ಮಾಡಿಯೇ ಇಲ್ಲ ಅನ್ನಿಸಿತು.

ಸುತ್ತೋಲೆ ಬಂದದ್ದು ಇದಾದ ಮೇಲೆ. ಅದರ ಹದಿನೇಳನೆಯ ಉತ್ತರ ಹೀಗಿತ್ತು: ನಮ್ಮ ಶಾಲೆಯನ್ನು ಉದಾರಿಗಳಾದ ಗಿರಣಿ ಮಾಲೀಕರು ಕಟ್ಟಿಸಿಕೊಟ್ಟರು. ಐದು ಮಾರ್ಕು.

ಯಾಕೆ ಮಿಸ್ಸು ನೋಟ್ ಪುಸ್ತಕಗಳನ್ನು ಹೊತ್ತುಕೊಂಡು ಹೆಡ್‌ಮಾಸ್ಟರ ಕೋಣೆಗೆ ನುಗ್ಗಿದರು. ಹೆಡ್‌ಮಾಸ್ಟರು ಒಂದೂ ಪುಸ್ತಕ ತೆರೆಯಲಿಲ್ಲ.

"ನೋಡಿ ಮೇಡಂ, ಅಜ್ಜಿ ಕಥೆ ಬೇರೆ, ಇತಿಹಾಸ ಬೇರೆ."

"ಫಲಕದಲ್ಲಿ ಬರೆಸಿದವನು ಹೇಳಿದ್ದು ಇತಿಹಾಸ, ಇಟ್ಟಿಗೆ ಹೊತ್ತವಳು ಹೇಳಿದ್ದು ಅಜ್ಜಿ ಕಥೆನಾ ಸಾರ್?"

"ಮಗು ಕೇಂದ್ರಿತ ಅಂದ್ರೆ ಏನು ಅಂದ್ಕೊಂಡ್ರಿ? ಮಗು ಮಧ್ಯದಲ್ಲಿ ಕೂರುತ್ತೆ, ನಾವು ಸುತ್ತ ನಿಂತು ಸರಿಯಾದ ಉತ್ತರಕ್ಕೆ ಕರ್ಕೊಂಡು ಬರೋದು. ಪರೀಕ್ಷೆ ತಿದ್ದೋದು ನೀವೂ ಅಲ್ಲ, ನಾನೂ ಅಲ್ಲ. ಐದು ಮಾರ್ಕಲ್ಲಿ ಹೈಸ್ಕೂಲ್ ಸೀಟು ತಪ್ಪಿದ್ರೆ ಆ ಮಕ್ಕಳ ಮನೆಯೋರಿಗೆ ಉತ್ತರ ಹೇಳೋರು ಯಾರು? ನಿಮ್ಮ ಹಟಕ್ಕೆ ಮಕ್ಕಳನ್ನ ಬಲಿ ಕೊಡ್ಬೇಡಿ."

ಕೊನೆಯ ಮಾತು ಮಿಸ್ಸಿಗೆ ನಾಟಿತು. ಎರಡು ದಿನ ಅವರು ಸರಿಯಾಗಿ ಊಟ ಮಾಡಲಿಲ್ಲ. ಮೂರನೆಯ ದಿನ ತರಗತಿಗೆ ಹೋಗಿ, ಹಲಗೆಯ ಮೇಲೆ ಹದಿನೇಳನೆಯ ಉತ್ತರ ಬರೆದರು. "ಹಿಂದೆ ಬರೆದದ್ದನ್ನ ಹೊಡೆದುಹಾಕಿ, ಇದನ್ನ ಬರ್ಕೊಳ್ಳಿ," ಎಂದರು. ಮೂವತ್ತನಾಲ್ಕು ತಲೆಗಳು ಬಗ್ಗಿದವು. ಒಂದು ಮಗುವೂ ಯಾಕೆ ಅನ್ನಲಿಲ್ಲ. ಚಿನಕುರಳಿ ಮಾತ್ರ ಸ್ವಲ್ಪ ಹೊತ್ತು ಹಲಗೆಯನ್ನೂ ಮಿಸ್ಸನ್ನೂ ನೋಡಿ, ಆಮೇಲೆ ಅವಳೂ ಬರೆದಳು. ಮಿಸ್ಸು ಸೀಮೆಸುಣ್ಣ ಕೆಳಗಿಟ್ಟು ಕೈ ಒರೆಸಿಕೊಂಡರು. ಮಕ್ಕಳ ಒಳ್ಳೆಯದಕ್ಕೇ ಅಂತ ತಮಗೆ ತಾವೇ ನೂರು ಸಲ ಹೇಳಿಕೊಂಡರು. ಸುಳ್ಳಿಗೆ ಇಂಥ ಸಮಾಧಾನ ಯಾವಾಗಲೂ ಸುಲಭವಾಗಿ ಸಿಗುತ್ತದೆ.

ಮಾರನೆಯ ದಿನ ಮಧ್ಯಾಹ್ನ ಸ್ಟಾಫ್ ರೂಮಿನ ಬಾಗಿಲಲ್ಲಿ ಒಬ್ಬ ಮುದುಕಿ ನಿಂತಿದ್ದರು. ಮೈಮೇಲೆ ಒಗೆದು ಮಡಿಸಿಟ್ಟಿದ್ದ ಸೀರೆ, ಕೈಯಲ್ಲಿ ಮೊಮ್ಮಗಳ ಇತಿಹಾಸದ ನೋಟ್ ಪುಸ್ತಕ. ಒಳಗೆ ಬನ್ನಿ ಅಂದರೂ ಬರಲಿಲ್ಲ.

"ತಪ್ಪಾಯ್ತು ಟೀಚರಮ್ಮ," ಎಂದರು.

"ಏನಾಯ್ತಜ್ಜಿ?"

"ಮಗೂಗೆ ಏನೇನೋ ಹೇಳ್ಬಿಟ್ಟೆ. ನಿನ್ನೆ ಮನೆಗೆ ಬಂದು, ನೀನು ಸುಳ್ಳು ಹೇಳಿದೆ, ಮಿಸ್ಸು ಸರಿಯಾದ್ದು ಬರೆಸಿದ್ರು ಅಂತ ಒಂದೇ ಸಮ ಅತ್ಲು. ನನ್ನ ಜೊತೆ ಮಾತೇ ಆಡ್ತಿಲ್ಲ. ವಯಸ್ಸಾಯ್ತಲ್ಲ ತಾಯಿ, ತಲೆ ನೆಟ್ಟಗಿರಲ್ಲ. ನಾವು ಇಟ್ಟಿಗೆ ಹೊತ್ತೇ ಇರ್ಲಿಲ್ವೇನೋ. ದೊಡ್ಡೋರು ಬರೆದಿದ್ದಾರೆ ಅಂದ್ಮೇಲೆ ಅದೇ ಸರಿ ಇರುತ್ತೆ. ನನ್ನ ತಪ್ಪಿಗೆ ಅವಳ ಮಾರ್ಕು ಕಡಿಮೆ ಮಾಡ್ಬೇಡಿ."

ಯಾಕೆ ಮಿಸ್ಸಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಮಾಲೀಕ ಗೋಡೆಯೊಂದನ್ನು ಕಿತ್ತುಕೊಂಡಿದ್ದ. ನಾನು ಈ ಮುದುಕಿಯ ನೆನಪನ್ನೇ ಕಿತ್ತುಕೊಂಡಿದ್ದೆ, ಅದೂ ಅವಳ ಮೊಮ್ಮಗಳ ಕೈಯಿಂದ! ಶಿಕ್ಷಣ ಕಚೇರಿಯ ಸಾಹೇಬರ ಮೇಲೆ, ಹೆಡ್‌ಮಾಸ್ಟರ ಮೇಲೆ ಉರಿಯುತ್ತಿದ್ದ ಸಿಟ್ಟೆಲ್ಲ ತಮ್ಮ ಮೇಲೇ ತಿರುಗಿತು. ಅಜ್ಜಿಯ ಕೈ ಹಿಡಿದು ನೇರ ಏಳನೇ ಕ್ಲಾಸಿಗೆ ನಡೆದರು, ತಮ್ಮ ಕುರ್ಚಿಯಲ್ಲಿ ಕೂರಿಸಿದರು. ಅಜ್ಜಿ ಕುರ್ಚಿಯ ತುದಿಯಲ್ಲಿ ಮುದುಡಿ ಕೂತರು.

"ಅವತ್ತು ಅಜ್ಜಿ ಹೇಳಿದ್ದು ನಿಜ. ನಿನ್ನೆ ನಾನು ಬರೆಸಿದ್ದು ಸುಳ್ಳು," ಎಂದರು ಮಕ್ಕಳಿಗೆ. "ಸುಳ್ಳು ಅಂತ ಗೊತ್ತಿದ್ದೂ ಬರೆಸ್ದೆ. ನಿಮ್ಮ ಮಾರ್ಕು ಹೋಗುತ್ತೆ ಅಂತ ಹೆದರಿದೆ."

ಹಿಂದಿನ ಬೆಂಚಿನಿಂದ ಒಬ್ಬ ಎದ್ದ. "ಹಾಗಾದ್ರೆ ಪರೀಕ್ಷೆಲಿ ಯಾವುದು ಬರೀಬೇಕು ಮಿಸ್?"

ಹನ್ನೆರಡು ವರ್ಷದ ಮಗು ನಿಜಕ್ಕೂ ಮಾರ್ಕಿಗೂ ನಡುವೆ ಆರಿಸಿಕೊಳ್ಳಬೇಕಾದ ಪಾಠವನ್ನು ಕಟ್ಟಿದವರ ಮುಖಕ್ಕೆ ಆ ಸುತ್ತೋಲೆಯನ್ನು ಎಸೆಯಬೇಕೆಂದು ಮಿಸ್ಸಿಗೆ ಅನ್ನಿಸಿತು. ಆದರೆ ಎದುರಿಗಿದ್ದವರು ಮಕ್ಕಳು.

"ನಿಜ ಬರೆದ್ರೆ ಐದು ಮಾರ್ಕು ಹೋಗುತ್ತೆ. ಹೋಗಲ್ಲ ಅಂತ ನಾನು ಇನ್ನೊಂದು ಸುಳ್ಳು ಹೇಳಲ್ಲ. ನಾನು ಕಾಗದ ಬರೀತೀನಿ, ಹೋಗಿ ಜಗಳ ಆಡ್ತೀನಿ. ಗೆಲ್ತೀನೋ ಇಲ್ವೋ ಗೊತ್ತಿಲ್ಲ. ಬರೆಯೋದು ನೀವು, ನೀವೇ ಯೋಚನೆ ಮಾಡಿ."

ಚಿನಕುರಳಿ ಬೆಂಚಿನಿಂದ ಎದ್ದು ಬಂದಳು. ಕಣ್ಣು ಊದಿಕೊಂಡಿತ್ತು. ಅಜ್ಜಿಯ ಮಡಿಲಿನಿಂದ ನೋಟ್ ಪುಸ್ತಕ ತೆಗೆದುಕೊಂಡು, ನಿನ್ನೆಯ ಸಾಲಿನ ಮೇಲೆ ಪೆನ್ನಿನಿಂದ ಗೀಚಿದಳು, ಹಾಳೆ ಹರಿಯುವವರೆಗೂ.

"ಅಜ್ಜಿ, ಒಂದು ಸಲಕ್ಕೆ ಎಷ್ಟು ಇಟ್ಟಿಗೆ ಹೊರ್ತಿದ್ದೆ?" ಎಂದು ಕೇಳಿದಳು.

ಅಜ್ಜಿ ಬಾಯಿ ತೆರೆದರು. ಆದರೆ ಉತ್ತರ ಹೇಳುವ ಮೊದಲು ತಲೆಯೆತ್ತಿ, ಹೇಳಬಹುದಾ ಎಂಬಂತೆ, ಟೀಚರ ಮುಖ ನೋಡಿದರು.