ನಿಲ್ಲುವಾಗಿನ ಸದ್ದು

ಹಳೆಯ ಯಂತ್ರ ಕೊಳ್ಳಲು ಬಂದವರೆಲ್ಲ ಸ್ವಿಚ್ಚು ಒತ್ತಿ ನೋಡುತ್ತಾರೆ. ಗುಂಯ್ ಎಂದರೆ ಸಾಕು, ಲಾಟರಿ ಹೊಡೆದವರಂತೆ ಮುಖ ಅರಳುತ್ತದೆ. ಅವನ್ನು ಮಾರುವ ಡ್ರಿಲ್ಲಕ್ಕ ಮಾತ್ರ ಸ್ವಿಚ್ಚು ಬಿಟ್ಟ ಮೇಲೆ ಕೇಳುತ್ತಿದ್ದಳು. ಯಂತ್ರವನ್ನು ಕಿವಿಯ ಹತ್ತಿರ ಹಿಡಿದು, ಅರೆಗಣ್ಣು ಮುಚ್ಚಿ, ಅದು ತಿರುಗಿ ತಿರುಗಿ ಸುಸ್ತಾಗಿ ನಿಲ್ಲುವ ತನಕ ಅಲ್ಲಾಡುತ್ತಿರಲಿಲ್ಲ. ಬೇರಿಂಗು ಸವೆದಿದ್ದರೆ ಗರಗರ, ಹಲ್ಲುಚಕ್ರ ಮುಕ್ಕಾಗಿದ್ದರೆ ಟಿಕ್ ಟಿಕ್. “ಓಡುವಾಗ ಎಲ್ಲಾ ಮಷಿನ್ನೂ ಜಂಬ ಕೊಚ್ಕೊಳ್ತವೆ. ನಿಲ್ಲುವಾಗ ಬಾಯಿ ಬಿಡ್ತವೆ ನೋಡಿ, ಆಗ ಕೇಳ್ಬೇಕು,” ಎನ್ನುವಳು.

ಎರಡು ಕಟ್ಟಡಗಳ ನಡುವಿನ ಸಂದಿಗೆ ತಗಡು ಹೊದಿಸಿ ಮಾಡಿದ ಅಂಗಡಿ ಅವಳದು. ಉದ್ದ ಎಷ್ಟು ಬೇಕಾದರೂ ಇತ್ತು, ಅಗಲ ಮಾತ್ರ ದಪ್ಪ ಗಿರಾಕಿ ಬಂದರೆ ತಿರುಗಿ ಹೋಗಲಾಗದಷ್ಟು. ತಿರುಗಲಾಗದ ಗಿರಾಕಿ ಏನಾದರೊಂದು ಕೊಂಡೇ ಹೋಗುತ್ತಾನೆಂದು ಅಕ್ಕಪಕ್ಕದ ಅಂಗಡಿಯವರು ಹೊಟ್ಟೆಕಿಚ್ಚಿನಿಂದ ಆಡಿಕೊಳ್ಳುತ್ತಿದ್ದರು. ಮನೆ ರಿಪೇರಿಗೆ ಇಳಿದವರೇ ಅವಳ ಗಿರಾಕಿಗಳು. ಫೋನಿನಲ್ಲಿ ಎರಡು ಗೇಣು ಪಟ್ಟಿ ಹಿಡಿದು ಬರುವರು: ಡ್ರಿಲ್ಲು, ಗ್ರೈಂಡರು, ಮರ ಕೊಯ್ಯುವುದು, ಟೈಲ್ಸ್ ಕತ್ತರಿಸುವುದು, ಉಜ್ಜುವುದು.

“ಎಷ್ಟು ರೂಮು ನಿಮ್ಮದು?” ಎಂದು ಅವಳು ಮೊದಲು ಕೇಳುವಳು.

“ಎರಡಕ್ಕ.”

“ಎರಡು ರೂಮಿಗೆ ಇಷ್ಟು ಸಾಮಾನು ತಗೊಂಡ್ರೆ ನೀವೆಲ್ಲಿ ಮಲಗ್ತೀರಿ? ಡ್ರಿಲ್ಲು ಒಳ್ಳೇದು ತಗೊಳ್ಳಿ. ಟೈಲ್ಸ್ ಮಷಿನ್ನು ಒಂದು ದಿನಕ್ಕೆ ಬಾಡಿಗೆ ತನ್ನಿ. ಉಜ್ಜೋದಕ್ಕೆ ದೇವರು ಎರಡು ಕೈ ಕೊಟ್ಟಿದ್ದಾನೆ.”

ಬ್ಯಾಟರಿಯ ಡ್ರಿಲ್ಲು ಕೇಳಿದರೆ ಮೂಗು ಮುರಿಯುವಳು. ಬ್ಯಾಟರಿ ಸತ್ತ ದಿನ ಯಂತ್ರವೂ ಸತ್ತಂತೆ, ಹೊಂದುವ ಇನ್ನೊಂದು ಬ್ಯಾಟರಿ ಮಾರುಕಟ್ಟೆಯಲ್ಲೇ ಇರುವುದಿಲ್ಲ. ಮೈಮೇಲೆ ಅಂಟಿಸಿದ ಕಾಗದದಲ್ಲಿ ಎಷ್ಟು ವಾಟೆಂದು ಬರೆದಿದ್ದರೂ ನಂಬದೆ ಕೈಯಲ್ಲಿ ಎತ್ತಿ ನೋಡುವಳು. ಒಳಗೆ ತಾಮ್ರ ಕಡಿಮೆ ಸುತ್ತಿದ್ದರೆ ತೂಕವೇ ಹೇಳಿಬಿಡುತ್ತದೆ. ಹೀಗೆ ಪಟ್ಟಿ ಅರ್ಧಕ್ಕಿಳಿಸಿ ಕಳಿಸುತ್ತಿದ್ದಳು. ಇದು ಧರ್ಮಬುದ್ಧಿಯೇನಲ್ಲ, ಅರ್ಧ ಕೊಂಡವನು ಇನ್ನರ್ಧಕ್ಕೆ ಬೇರೆ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ.

ಅವಳು ಯಾರಿಗೂ ಮಾರದ ಯಂತ್ರ ಒಂದಿತ್ತು. ಮೇಲಿನ ಹಲಗೆಯಲ್ಲಿ, ಚೌಕಳಿ ಬಟ್ಟೆ ಸುತ್ತಿಕೊಂಡು ಮಲಗಿದ ಕಾಂಕ್ರೀಟು ಕೊರೆಯುವ ಡ್ರಿಲ್ಲು. ಅದು ಅವಳ ತಮ್ಮನದು. ಮೂರು ವರ್ಷದಿಂದ ಪ್ರತಿ ಬೆಳಿಗ್ಗೆ, ಬಾಗಿಲು ಪೂರಾ ಎತ್ತುವ ಮೊದಲು, ಅದನ್ನು ಇಳಿಸಿ, ಬಟ್ಟೆ ಬಿಚ್ಚಿ, ಒಂದೇ ಒಂದು ಸಲ ಒತ್ತಿ ಬಿಡುತ್ತಿದ್ದಳು. ವೇಗ ಇಳಿಯುತ್ತ ಇಳಿಯುತ್ತ ಕೊನೆಯ ಎರಡು ಸುತ್ತಿನಲ್ಲಿ ಅದರ ಹೊಟ್ಟೆಯೊಳಗಿಂದ ಒಂದು ಸ್ವರ ಬರುತ್ತಿತ್ತು: “ಅಕ್ಕೋ...”

ಪೇಟೆಯೆಲ್ಲ ಅವಳನ್ನು ಅಕ್ಕ ಎನ್ನುತ್ತಿತ್ತು. ಹಾಗೆ ಕೊನೆಯಲ್ಲಿ ಎಳೆಯುತ್ತಿದ್ದವನು ತಮ್ಮ ಒಬ್ಬನೇ. ಓಣಿಯ ತುದಿಯಿಂದಲೇ ಶುರು ಮಾಡುತ್ತಿದ್ದ, ಏನಾದರೂ ಪುಕ್ಕಟೆ ಬೇಕಾದಾಗ ಇನ್ನೂ ಉದ್ದವಾಗಿ.

ಆ ಡ್ರಿಲ್ಲನ್ನು ಅವನಿಗೆ ಆರಿಸಿ ಕೊಟ್ಟವಳು ಇವಳೇ. ಮುಂದಿನ ಕೋಣೆಯ ರಿಪೇರಿಗೆ ಅಗ್ಗದ್ದೊಂದು ಬೇಕೆಂದು ಬಂದಿದ್ದ. ಅಗ್ಗದಲ್ಲಿ ಗಟ್ಟಿಯಾದದ್ದು ಇದು, ಆದರೆ ಕ್ಲಚ್ಚು ಸವೆದಿತ್ತು. ಕೊರೆಯುವ ಕಡ್ಡಿ ಕಾಂಕ್ರೀಟಿನೊಳಗಿನ ಕಬ್ಬಿಣಕ್ಕೆ ಸಿಕ್ಕಿಕೊಂಡರೆ ಕ್ಲಚ್ಚು ಜಾರಬೇಕು. ಜಾರದಿದ್ದರೆ ಕಡ್ಡಿ ನಿಂತಲ್ಲೇ ನಿಂತು, ಹಿಡಿದವನೇ ಸುತ್ತು ತಿರುಗುತ್ತಾನೆ. ಸವೆದ ಕ್ಲಚ್ಚಿನ ಕಾಟ ಬೇರೆ: ಸುಮ್ಮಸುಮ್ಮನೆ ಜಾರುತ್ತದೆ, ಕೆಲಸ ಸಾಗುವುದಿಲ್ಲ. ಈ ಕಸುಬಿನವರಿಗೆಲ್ಲ ಅದಕ್ಕೊಂದು ಅಡ್ಡದಾರಿ ಗೊತ್ತು. ಸ್ಪ್ರಿಂಗಿನ ಕೆಳಗೊಂದು ವಾಷರು ತುರುಕಿದರೆ ಕ್ಲಚ್ಚು ಬಿಗಿಯಾಗುತ್ತದೆ. ಡ್ರಿಲ್ಲಕ್ಕ ತುರುಕಿದ್ದಳು, ಅವನ ಕಣ್ಣೆದುರಿಗೇ. “ನೋಡ್ಕೋ, ಇಷ್ಟೇ ವಿದ್ಯೆ,” ಎಂದೂ ಅಂದಿದ್ದಳು. ಹನ್ನೊಂದು ದಿನಕ್ಕೆ ಅವನು ಸ್ಟೂಲಿನಿಂದ ತಲೆಕೆಳಗಾಗಿ ಬಿದ್ದಿದ್ದ, ಮತ್ತೆ ಏಳಲಿಲ್ಲ. ಚಾವಣಿಯಲ್ಲಿ ಒಂದು ಪೂರ್ತಿ ತೂತು, ಒಂದು ಅರ್ಧ. ಕಾಲು ಜಾರಿತು ಎಂದರು ಬಂದವರೆಲ್ಲ. ಇವಳೂ ಹ್ಞೂಂ ಎಂದಿದ್ದಳು. ಡ್ರಿಲ್ಲನ್ನು ತಾನಾಗಿ ಎತ್ತಿಕೊಂಡು ಬಂದಿದ್ದಳು.

ಮೊನ್ನೆ ಸಂತೆಯ ಹೊತ್ತು ಮುಗಿದು ಓಣಿ ಖಾಲಿಯಾದಾಗ ತಮ್ಮನ ಹೆಂಡತಿ ಬಂದಳು. ಹೊಲಿಗೆ ಅವಳ ಕಸುಬು. ಕೊರಳಲ್ಲಿ ಅಳತೆಪಟ್ಟಿ ಹಾಗೇ ನೇತಾಡುತ್ತಿತ್ತು.

“ಅತ್ತಿಗೆ, ಮುಂದಿನ ರೂಮನ್ನ ಅಂಗಡಿ ಮಾಡ್ತೀನಿ. ಬಟ್ಟೆ ತೂಗುಹಾಕೋಕೆ ಮೇಲೊಂದು ಕಂಬಿ ಬೇಕು. ಆ ಅರ್ಧ ತೂತು ಪೂರ್ತಿ ಮಾಡ್ಬೇಕು.”

“ಯಾರ ಕೈಲಿ ಮಾಡಿಸ್ತೀಯ?”

“ನನ್ನ ಕೈಲೇ. ಸ್ಟೂಲು ಇದೆ. ಅವರ ಡ್ರಿಲ್ಲು ಕೊಡಿ.”

ಡ್ರಿಲ್ಲಕ್ಕನ ಕೈ ಪಕ್ಕದ ಹಲಗೆಯಲ್ಲಿದ್ದ ಹಸಿರು ಯಂತ್ರದ ಮೇಲೆ ಹೋಯಿತು. “ಅದು ಹಳೇದಾಯ್ತು. ಇದು ತಗೊ, ಹಗುರ. ದುಡ್ಡೇನೂ ಬೇಡ.”

“ನೀವು ಪುಕ್ಕಟೆ ಕೊಟ್ರೆ ನಂಗೆ ಭಯ ಆಗುತ್ತೆ ಅತ್ತಿಗೆ. ನಿಮ್ಮ ತಮ್ಮನಿಗೇ ಕೊಟ್ಟೋರಲ್ಲ.”

“ಹಾಗಾದ್ರೆ ದುಡ್ಡು ಕೊಡು!”

“ಅವರದ್ದೇ ಬೇಕು.”

“ಅದು ಕೆಟ್ಟೋಗಿದೆ.”

“ದಿನಾ ಬೆಳಿಗ್ಗೆ ಓಡಿಸ್ತೀರಂತೆ. ಪಕ್ಕದ ಬೀಗದಂಗಡಿಯವನು ಹೇಳ್ದ. ‘ನಿಮ್ಮತ್ತಿಗೆ ದೇವರಿಗೆ ಗಂಟೆ ಹೊಡೆಯಲ್ಲ, ಡ್ರಿಲ್ಲು ಹೊಡೀತಾಳೆ’ ಅಂತ.”

ಬೀಗದಂಗಡಿಯವನ ಬಾಯಿಗೊಂದು ಬೀಗ ಇಲ್ಲವಲ್ಲ ಎನಿಸಿತು ಡ್ರಿಲ್ಲಕ್ಕನಿಗೆ. ಆದರೆ ತಪ್ಪಿಸಿಕೊಳ್ಳಲು ದಾರಿ ಉಳಿದಿರಲಿಲ್ಲ. ಹಾಗೇ ಕೊಟ್ಟರೆ ಇವಳೂ ಅದೇ ಸ್ಟೂಲು ಹತ್ತುತ್ತಾಳೆ, ಅದೇ ಕಬ್ಬಿಣಕ್ಕೆ ಕಡ್ಡಿ ಕೊಡುತ್ತಾಳೆ. ಕೊಡುವುದಿಲ್ಲವೆಂದರೆ ಯಾಕೆಂದು ಹೇಳಬೇಕು. ಬಿಚ್ಚಿ ಸರಿಮಾಡಿ ಕೊಡೋಣವೆಂದರೆ ಇವಳ ಕಣ್ಣೆದುರಿಗೇ ಆ ವಾಷರು ಹೊರಗೆ ಬೀಳುತ್ತದೆ.

ಡ್ರಿಲ್ಲು ಇಳಿಸಿದಳು. ಬಟ್ಟೆ ಬಿಚ್ಚಿ ನಾಲ್ಕು ತಿರುಪು ಕಳಚಿದಳು. ತಲೆ ಎತ್ತದೆ, ಸ್ಕ್ರೂಡ್ರೈವರಿಗೆ ಹೇಳುವಂತೆ ಹೇಳಿದಳು:

“ಅವನ ಕಾಲು ಜಾರಲಿಲ್ಲ ಕಣೆ. ಜಾರಬೇಕಾಗಿದ್ದು ಕ್ಲಚ್ಚು. ಅದನ್ನ ಜಾರದ ಹಾಗೆ ಮಾಡಿದ್ದು ನಾನು.”

ಸ್ಪ್ರಿಂಗು ಎತ್ತಿದಾಗ ವಾಷರು ಬಂತು, ಅಂಚಿನಲ್ಲಿ ಅವಳೇ ಅರದಿಂದ ಹಾಕಿದ ಗುರುತು ಸಮೇತ. ಡ್ರಿಲ್ಲಕ್ಕ ಅದನ್ನು ಮೇಜಿನ ಮೇಲಿಟ್ಟಳು. ಆಮೇಲೆ ಅದರ ಹಿಂದೆಯೇ ಇನ್ನೊಂದು ಬಂತು.

ಎರಡನೆಯದು ಅವಳು ಹಾಕಿದ್ದಲ್ಲ. ತೆಳ್ಳನೆಯ ತಗಡು, ಸೊಟ್ಟಸೊಟ್ಟ ದುಂಡು, ಒಂದು ಬದಿಯಲ್ಲಿ ಕೆಂಪು ಬಣ್ಣ. ನಡುವಿನ ತೂತು ಮೊಳೆಯಿಂದ ಹೊಡೆದದ್ದು. ಕಲಿತ ವಿದ್ಯೆಯನ್ನು ತಮ್ಮ ಮನೆಯಲ್ಲಿ ಕೂತು ಇನ್ನೊಂದು ಸಲ ಮಾಡಿದ್ದ. ಮೂರು ವರ್ಷ ಅವಳು ಕಿವಿಗೊಟ್ಟು ಕೇಳಿದ್ದಳು, ಒಮ್ಮೆಯೂ ಬಿಚ್ಚಿ ನೋಡಿರಲಿಲ್ಲ.

“ಬಿಸ್ಕತ್ತಿನ ಡಬ್ಬಿ ಮುಚ್ಚಳ,” ಎಂದಳು ತಮ್ಮನ ಹೆಂಡತಿ. “ಅಡುಗೆಮನೇಲಿ ಕೂತು ಕತ್ತರಿಸ್ತಿದ್ರು. ಏನಕ್ಕೆ ಅಂದೆ. ‘ಅಕ್ಕನ ವಿದ್ಯೆ, ನಿಂಗೆ ಅರ್ಥ ಆಗಲ್ಲ’ ಅಂದ್ರು. ನನ್ನ ಬಟ್ಟೆ ಕತ್ತರಿ ಹಾಳಾಗುತ್ತೆ ಅಂತ ಬೈದೆ. ಬೈದು... ಕೊಟ್ಟೆ. ಆ ಕತ್ತರೀನ ಇವತ್ತಿನವರೆಗೂ ಸಾಣೆ ಹಿಡಿಸಿಲ್ಲ ಅತ್ತಿಗೆ. ಎಲ್ಲಿ ಹಲ್ಲು ಬಿದ್ದಿದೆಯೋ ಅಲ್ಲಿ ಬಟ್ಟೆ ಸಿಕ್ಕೊಳ್ಳುತ್ತೆ. ದಿನಾ ಸಿಕ್ಕೊಳ್ಳುತ್ತೆ. ಆ ತಗಡು ಇದರಲ್ಲೇ ಇದೆಯಾ ನೋಡ್ಬೇಕು ಅಂತಾನೇ ಬಂದೆ.”

ಇಬ್ಬರೂ ಮೇಜಿನ ಮೇಲಿನ ಎರಡು ಬಿಲ್ಲೆಗಳನ್ನು ನೋಡುತ್ತ ಕೂತರು. ನಿನ್ನದಲ್ಲ ತಪ್ಪು ಎಂದು ಇವಳು ಅವಳಿಗೆ ಹೇಳಲಿಲ್ಲ. ಅವಳೂ ಇವಳಿಗೆ ಹೇಳಲಿಲ್ಲ. ಎದ್ದು ಹೋಗಲೂ ಇಲ್ಲ.

ಡ್ರಿಲ್ಲಕ್ಕ ಬಿಡಿಭಾಗಗಳ ಡಬ್ಬಿ ಹುಡುಕಿ ಹೊಸ ಕ್ಲಚ್ಚು ಕೂರಿಸಿದಳು. ಕಡ್ಡಿಯನ್ನು ಮೇಜಿಗೆ ಬಿಗಿದ ಬೈಸಿನ ಇಕ್ಕಳದಲ್ಲಿ ಕಚ್ಚಿಸಿ ಒತ್ತಿ ತೋರಿಸಿದಳು. ಕ್ಲಚ್ಚು ಟಕಟಕ ಎಂದು ಜಾರಿತು, ಹಿಡಿ ಕೈಯಲ್ಲೇ ನಿಂತಿತು. “ಹೀಗೆ ಸದ್ದು ಬಂದ್ರೆ ಬಿಟ್ಬಿಡು. ಹಠ ಮಾಡ್ಬೇಡ.” ಆಮೇಲೆ ಕಡ್ಡಿ ಬಿಡಿಸಿ, ಅಭ್ಯಾಸದಂತೆ ಕಿವಿಯ ಹತ್ತಿರ ಹಿಡಿದು, ಒತ್ತಿ, ಬಿಟ್ಟಳು.

ವೇಗ ಇಳಿಯಿತು. ಕೊನೆಯ ಎರಡು ಸುತ್ತು ಬಂತು, ಹೋಯಿತು. ಯಂತ್ರ ಸುಮ್ಮನೆ ನಿಂತಿತು.

ಮತ್ತೊಮ್ಮೆ ಒತ್ತಿದಳು. ಮತ್ತೂ ಒಮ್ಮೆ. ಏನೂ ಇಲ್ಲ. ಅಷ್ಟು ದಿನ ಕರೆದದ್ದು ಬಿಸ್ಕತ್ತಿನ ಡಬ್ಬಿಯ ಮುಚ್ಚಳ.

“ಸರಿಯಾಯ್ತಾ ಅತ್ತಿಗೆ?”

ಎಂಥೆಂಥ ಲಡಕಾಸಿ ಯಂತ್ರಗಳನ್ನು “ಸರಿಯಾಗಿದೆ” ಎಂದು ಮಾರಿದ ಬಾಯಿ ಅದು. ಈಗ ನಿಜವಾಗಿ ಸರಿಯಾದದ್ದಕ್ಕೆ ಆ ಮಾತು ಹೊರಡಲು ಹೊತ್ತು ಹಿಡಿಯಿತು. “ಸರಿಯಾಯ್ತು,” ಎಂದಳು.

“ಹಾಗಾದ್ರೆ ನಾಳೆ ಅಂಗಡಿ ಮುಚ್ಚಿ ಬನ್ನಿ. ನಾನು ಹತ್ತೋವಾಗ ಸ್ಟೂಲು ಹಿಡ್ಕೊಳ್ಳೋಕೆ ಒಬ್ಬರು ಬೇಕು.”

ಮರುದಿನ ಮಧ್ಯಾಹ್ನ ಡ್ರಿಲ್ಲಕ್ಕ ಸ್ಟೂಲಿನ ಕಾಲುಗಳನ್ನು ಎರಡೂ ಕೈಯಲ್ಲಿ ತಬ್ಬಿ ನಿಂತಳು. ಮೇಲೆ ಕಬ್ಬಿಣ ಸಿಕ್ಕಿತು, ಟಕಟಕ ಎಂದಿತು, ತಮ್ಮನ ಹೆಂಡತಿ ಬಿಟ್ಟಳು, ಕಡ್ಡಿಯನ್ನು ಒಂದಿಷ್ಟು ವಾಲಿಸಿ ಮತ್ತೆ ಕೊಟ್ಟಳು. ಅರ್ಧ ತೂತು ಪೂರ್ತಿಯಾಯಿತು. ಅವಳು ಸ್ವಿಚ್ಚು ಬಿಟ್ಟಳು.

ಇಬ್ಬರೂ ಮುಖ ಮೇಲೆತ್ತಿಕೊಂಡು ಹಾಗೇ ನಿಂತರು. ಡ್ರಿಲ್ಲು ನಿಂತು ಎಷ್ಟೋ ಹೊತ್ತಾಗಿತ್ತು. ಹೊಸ ತೂತಿನಿಂದ ಸಿಮೆಂಟಿನ ಪುಡಿ ಸಣ್ಣಗೆ ಅವರ ಕಣ್ಣಿಗೆ ಉದುರುತ್ತಿತ್ತು. ಒಬ್ಬರೂ ಒರೆಸಿಕೊಳ್ಳಲಿಲ್ಲ.