ಹೊಲಿಗೆ ಮಿಷನ್ನಿನಲ್ಲಿ ಕೊಯ್ದ ಗಿಳಿ

ಈಗ ಕಂಪ್ಯೂಟರ್ ಹೇಳಿದಂತೆ ಮಿಷನ್ನೇ ಮರ ಕೊರೆದು ಹೂವು ಕೂರಿಸುತ್ತದಂತೆ. ಕೂರಿಸಲಿ. ಸಾವಿರದ ಒಂಬೈನೂರ ಎಂಬತ್ತರ ಆಸುಪಾಸಿನಲ್ಲಿ ಕೂಡ್ಲಿಗಿಯಲ್ಲಿ ಅದನ್ನು ನಾನು ಕಾಲಲ್ಲಿ ತುಳಿದು ಮಾಡಿದ್ದೇನೆ.

ನಮ್ಮ ಬಡಗಿ ಮನೆತನದಲ್ಲಿ ಹೆಂಗಸರು ಉಳಿ, ಗರಗಸ ಮುಟ್ಟುವಂತಿರಲಿಲ್ಲ. ಗಂಡಸರು ಮಾಡಿದ್ದನ್ನು ಉಪ್ಪುಕಾಗದ ಹಾಕಿ ತಿಕ್ಕಿ ನುಣುಪು ಮಾಡುವುದು ನಮ್ಮ ಪಾಲು. ಹತ್ತು ವರ್ಷ ತಿಕ್ಕಿದೆ. ಯಾರ ಕೈ ಎಲ್ಲಿ ತಪ್ಪುತ್ತದೆ ಎಂಬುದೆಲ್ಲ ಗೊತ್ತಾಗಿತ್ತು. ಹೇಳಿದರೆ ಕೇಳುವವರು ಯಾರು.

ಅಂಗಡಿ ನನ್ನ ಗಂಡನ ಅಣ್ಣನದು. ಮರದೊಳಗೆ ಬೇರೆ ಬಣ್ಣದ ಮರ ಕೂರಿಸುವುದರಲ್ಲಿ ಭಾವನಿಗೆ ಹೆಸರಿತ್ತು. ಆದರೆ ಗರಗಸ ಹೋದ ದಾರಿಯಲ್ಲಿ ಎಳೆಯಷ್ಟು ಸಂದಿ ಉಳಿಯುತ್ತಿತ್ತು. ಮರದ ಪುಡಿಯನ್ನು ಅಂಟಿನಲ್ಲಿ ಕಲಸಿ ಮೆತ್ತುತ್ತಿದ್ದರು. ಒಂದು ಬೇಸಿಗೆ ಕಳೆದರೆ ಅದು ಉದುರುತ್ತಿತ್ತು. ಹರಪನಹಳ್ಳಿಯ ವ್ಯಾಪಾರಸ್ಥರೊಬ್ಬರು ಹಾಗೆ ಉದುರಿದ ಮಂಚವನ್ನು ಲಾರಿಯಲ್ಲಿ ವಾಪಸ್ ತಂದು ಇಳಿಸಿದರು. ಮಗಳ ಮದುವೆಗೆ ಕೊಟ್ಟ ಮಂಚ. ತಲೆಹಲಗೆಯ ಗಿಳಿಗಳನ್ನು ಹೊಸದಾಗಿ ಮಾಡಿ, ಉಗುರು ಹಾಕಿ ನೋಡುತ್ತೇನೆ, ಸಂದಿ ಸಿಕ್ಕರೆ ಮಂಚ ನೀವೇ ಇಟ್ಟುಕೊಳ್ಳಿ ಎಂದು ಹೇಳಿ ಹೋದರು. ಭಾವ ಮೂರು ಸಲ ಕೊಯ್ದರು. ಮೂರು ಸಲವೂ ಸಂದಿ.

ಅದೇ ವಾರ ಹಗರಿಬೊಮ್ಮನಹಳ್ಳಿ ಸಂತೆಗೆ ಹೋಗಿದ್ದೆ. ಕಲ್ಲಂಗಡಿ ಮಾರುವವನು ಹಣ್ಣು ಕೆಂಪಗಿದೆ ಎಂದು ತೋರಿಸಲು ಚಾಕು ಓರೆ ಹಾಕಿ ಒಂದು ತುಂಡು ಕೊಯ್ದು ತೆಗೆದ, ತೋರಿಸಿ ಮತ್ತೆ ಒತ್ತಿದ. ಕೊಯ್ದ ಗೆರೆಯೇ ಕಾಣಲಿಲ್ಲ. ನೆಟ್ಟಗೆ ಕೊಯ್ದಿದ್ದರೆ ತುಂಡು ಒಳಗೆ ಇಳಿಯುತ್ತಿತ್ತು. ಓರೆಯಾದ್ದರಿಂದ ಕಚ್ಚಿಕೊಂಡು ನಿಂತಿತು. ಹಣ್ಣು ಕೊಂಡು, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು, ದಾರಿಯುದ್ದಕ್ಕೂ ಆ ತುಂಡನ್ನು ತೆಗೆದೆ, ಹಾಕಿದೆ. ಪಕ್ಕದಲ್ಲಿ ಕೂತವಳು ತಿನ್ನುವುದಿದ್ದರೆ ತಿನ್ನಬಾರದೇ ಅಂದಳು.

ಗರಗಸ ಮುಟ್ಟುವಂತಿಲ್ಲ. ಆದರೆ ತವರಿನವರು ಕೊಟ್ಟ, ಕಾಲಲ್ಲಿ ತುಳಿಯುವ ಹೊಲಿಗೆ ಮಿಷನ್ನು ನನ್ನದೇ. ನನ್ನ ಗಂಡ ಅಣ್ಣನ ಮುಂದೆ ಬಾಯಿ ಬಿಡದ ಮನುಷ್ಯ, ಕೈ ಮಾತ್ರ ಚುರುಕು. ಸೂಜಿಯ ಜಾಗದಲ್ಲಿ ತೆಳು ಗರಗಸದ ಎಳೆ ಬಿಗಿದು ಕೊಡಿ ಅಂದೆ. ಬಿಗಿದು ಕೊಟ್ಟರು. ಒಳಗಿನ ಕತ್ತಲೆ ಕೋಣೆಯಲ್ಲೇ ಕೂತೆ. ತೇಗದ ತೆಳು ಹಲಗೆಯ ಮೇಲೆ ಹಲಸಿನದನ್ನು ಇಟ್ಟು, ಕೆಳಗೆ ಒಂದು ಬದಿಗೆ ಬೆಣೆ ಕೊಟ್ಟು ಓರೆ ಮಾಡಿ, ಎರಡನ್ನೂ ಒಟ್ಟಿಗೆ ಕೊಯ್ದೆ. ಓರೆ ಕೊಯ್ದರೆ ಮೇಲಿನ ಗಿಳಿ ಕೆಳಗಿನ ತೂತಿಗಿಂತ ಎಳೆಯಷ್ಟು ದೊಡ್ಡದಾಗಿ, ಗರಗಸ ತಿಂದ ಸಂದಿಯನ್ನು ತುಂಬುತ್ತದೆ. ಹಲಗೆಯನ್ನು ಒಂದೇ ದಿಕ್ಕಿಗೆ ತಿರುಗಿಸಬೇಕು, ಇಲ್ಲದಿದ್ದರೆ ಓರೆ ಉಲ್ಟಾ ಆಗುತ್ತದೆ. ಅದು ತಿಳಿಯುವ ಮುಂಚೆ ಒಂದು ಗಿಳಿ ಕೆಟ್ಟಿತು.

ಸದ್ದು ಬೇರೆಯಾದದ್ದು ಕೇಳಿ ಭಾವ ಬಂದರು.

"ಕಸುಬಿನ ಸಾಮಾನು ಹೆಂಗಸ್ರು ಮುಟ್ಟಬಾರದು ಅಂತ ಗೊತ್ತಿಲ್ಲೇನು?"

"ಇದು ಹೊಲಿಗಿ ಮಿಷನ್ನು, ಭಾವಾರ," ಅಂದೆ. ಕಾಲು ನಿಲ್ಲಿಸಲಿಲ್ಲ.

ಅಕ್ಕಿ ಆರಿಸುತ್ತಿದ್ದ ಅತ್ತೆ ತಲೆ ಎತ್ತದೆ ಮಗನಿಗೆ ಹೇಳಿದರು: "ನೀನೂ ಬೇಕಾದ್ರ ಒಂದು ಜಂಪರು ಹೊಲಿಯಪಾ, ಯಾರು ಬ್ಯಾಡಂತಾರ."

ಭಾವ ಕೆರಳಿದರು. ಸಂದಿ ಉಳಿದರೆ ಮಿಷನ್ನು ಗುಜರಿಗೆ, ನೀನು ಮತ್ತೆ ಅಂಗಡಿಗೆ ಕಾಲಿಡಬಾರದು ಅಂದರು. ಆಗಲಿ ಅಂದೆ.

ಹಲಸಿನ ಗಿಳಿಯನ್ನು ತೇಗದ ತೂತಿಗಿಟ್ಟು ಹೆಬ್ಬೆರಳಲ್ಲಿ ಒತ್ತಿದೆ. ಕಲ್ಲಂಗಡಿ ತುಂಡಿನ ಹಾಗೆಯೇ ಕಚ್ಚಿತು. ಎರಡನೆಯದೂ ಕಚ್ಚಿತು. ಗಿಳಿ ಕೂತ ಆ ತೆಳು ಹಲಗೆಯನ್ನು ಗಂಡ ತಲೆಹಲಗೆಗೆ ಅಂಟಿಸಿದರು.

ಹರಪನಹಳ್ಳಿಯವರು ಬಂದು, ಕನ್ನಡಕ ಹಾಕಿ, ಕೊಕ್ಕಿನಿಂದ ಬಾಲದವರೆಗೆ ಉಗುರು ಎಳೆದರು. ಎಲ್ಲೂ ತಡೆಯಲಿಲ್ಲ. ಬಣ್ಣ ಬಳಿದಿದ್ದೀರಾ ಎಂದು ಎಂಜಲು ಹಚ್ಚಿ ತಿಕ್ಕಿದರು. ಬಣ್ಣವಲ್ಲ. ಆಮೇಲೆ ಇದು ಯಾರ ಕೈ ಎಂದು ಕೇಳಿದರು. ಭಾವ ನನ್ನ ಕಡೆ ನೋಡಿದರು.

"ನಮ್ಮ ತಮ್ಮನ ಹೆಂಡ್ತೀದು ನೋಡ್ರಿ. ಹೊಲಿಗಿ ಮಿಷನ್ನಾಗ ಮಾಡ್ಯಾಳ."

ಮರುದಿನ ಬೆಳಗ್ಗೆ ನೋಡಿದರೆ ಮಿಷನ್ನು ಅಂಗಡಿಯ ಬಾಗಿಲ ಬೆಳಕಿನಲ್ಲಿತ್ತು. ಭಾವನೇ ಎತ್ತಿ ತಂದಿದ್ದರು, ಅವರು ಕೂರುವ ಜಾಗ ಅದು. ನೀನು ಇಲ್ಲಿ ಕೂತರೆ ಇನ್ನು ತಿಕ್ಕುವವರು ಯಾರು ಎಂದು ಕೇಳಿದರು. ನಾನಂತೂ ಅಲ್ಲ ಅಂದೆ.